ಇಪ್ಪತ್ತೆರಡು ಮೆಟ್ಟಿಲು, ಒಂದೇ ಚಿತ್ರ

ಪ್ರೀತಿಯ ಅಣ್ಣನಿಗೆ,

ಮಂಡಿನೋವು ಹೇಗಿದೆ? ನೀನು ಮರ ಕೊಯ್ದು ಮಾಡಿಕೊಟ್ಟ ಸುತ್ತುಮೆಟ್ಟಿಲನ್ನು ಆ ಗಿರಾಕಿಯ ಮನೆಯಲ್ಲಿ ಜೋಡಿಸುವ ಹೊತ್ತಿಗೆ ನೀನು ಆಸ್ಪತ್ರೆಯಲ್ಲಿದ್ದೆ. ಅದನ್ನು ನಿನಗೆ ಪೂರ್ತಿ ತೋರಿಸಲೇಬೇಕೆಂದು ನನಗೆ ಹಠ.

ಆದರೆ ಆ ಜಾಗ ಬಾವಿಯಷ್ಟು ಇಕ್ಕಟ್ಟು. ಗೋಡೆಗೆ ಬೆನ್ನು ಒತ್ತಿ ನಿಂತರೂ ನನ್ನ ಕ್ಯಾಮೆರಾಕ್ಕೆ ಒಂಬತ್ತೇ ಮೆಟ್ಟಿಲು ಸಿಕ್ಕವು. ಅಂಗಡಿಗೆ ಹೋಗಿ ಹದಿನಾರು ಮಿಲಿಮೀಟರಿನ ದುಬಾರಿ ಲೆನ್ಸ್ ಕೇಳಿದೆ. ಅಂಗಡಿಯಾಕೆ ತಡೆದಳು: "ಅದು ಬೇಡ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅಂಚೆಲ್ಲ ಕತ್ತರಿಸಿಬಿಡುತ್ತೆ. ಈ ಹತ್ತು ಮಿಲಿಮೀಟರಿಂದು ತಗೊಳ್ಳಿ, ಅಗ್ಗ. ಮಿಲಿಮೀಟರ್ ಕಡಿಮೆಯಾದಷ್ಟೂ ಹೆಚ್ಚು ಅಗಲ ಕಾಣುತ್ತೆ. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸ್ಬೇಕು. ಮೆಟ್ಟಿಲೇನು ಓಡಿಹೋಗುತ್ತಾ?"

ಚಿತ್ರ ಇದರೊಂದಿಗಿದೆ. ಇಪ್ಪತ್ತೆರಡೂ ಮೆಟ್ಟಿಲು ಬಂದಿವೆ. ಅಂಚಿನಲ್ಲಿ ಗೋಡೆ ವಾಲಿದಂತೆ ಕಾಣುವುದು ಲೆನ್ಸಿನ ಗುಣ, ನಿನ್ನ ಕೆಲಸದ್ದಲ್ಲ. ಮರದ ರೇಲಿಂಗ್ ಎಲ್ಲೂ ತಡವರಿಸದೆ ಮೇಲೇರುವುದನ್ನು ಕ್ಯಾಮೆರಾದ ಪರದೆಯಲ್ಲಿ ಮತ್ತೆ ಮತ್ತೆ ನೋಡಿದೆ. ಮನೆಯೊಡತಿಯೂ ಇಣುಕಿ ನೋಡಿ, "ದಿನಾ ಹತ್ತಿ ಇಳೀತೀನಿ, ಇಷ್ಟು ಚೆಂದ ಅಂತ ಗೊತ್ತೇ ಇರಲಿಲ್ಲ" ಎಂದರು.

ಅವರ ತಂಗಿಯ ಮನೆಗೂ ಇಂಥದ್ದೇ ಬೇಕಂತೆ. ನಿನ್ನನ್ನು ಕೇಳದೆಯೇ ನಾನು ಹೂಂ ಅಂದುಬಿಟ್ಟಿದ್ದೇನೆ. ಈ ಮಂಡಿಯಲ್ಲಿ ಇನ್ನು ಕೆಲಸ ಆಗದು, ಉಳಿ, ಗರಗಸಗಳನ್ನೆಲ್ಲ ಮಾರುತ್ತೇನೆಂದು ಅತ್ತಿಗೆಯ ಹತ್ತಿರ ಹೇಳಿದೆಯಂತೆ. ದಯವಿಟ್ಟು ಮಾರಬೇಡ. ಅಳತೆ ತೆಗೆದು ತರುವುದು ನನ್ನ ಪಾಲು. ಮರ ಎಲ್ಲಿ ಕೊಯ್ಯಬೇಕೆಂದು ಗೆರೆ ಎಳೆಯುವುದನ್ನು ನೀನು ಕುರ್ಚಿಯಲ್ಲಿ ಕೂತೇ ಮಾಡಬಹುದು, ಕೊಯ್ಯುವವರು ಸಿಗುತ್ತಾರೆ.

ಭಾನುವಾರ ಬರುತ್ತೇನೆ. ಬೈಯುವುದಿದ್ದರೆ ಆಗ ಬೈ. ಪೆನ್ಸಿಲ್ ಮಾತ್ರ ಚೂಪು ಮಾಡಿಟ್ಟಿರು.

ನಿನ್ನ ಮೊಂಡು ತಂಗಿ