ಜೀಪಿಗೆ ಮೊದಲು ಏನು ಬೇಕು

ಗೋರೆಗಾಂವ್ ಪೂರ್ವ, ಮುಂಬಯಿ
10 ನವೆಂಬರ್ 2025

ಪ್ರಿಯ ಪ್ರೀತಮ್,

ಕಾಗದ ಕಂಡು ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಹೊಟೇಲು ನಡೆಯುತ್ತಿದೆ, ನಾನು ಅದರ ಹಿಂದೆ ಓಡುತ್ತಿದ್ದೇನೆ. ವಾಟ್ಸಾಪಿನಲ್ಲಿ ನಾನು ಎಷ್ಟುದ್ದ ಬರೆದರೂ ನಿಮ್ಮಿಂದ ಒಂದು ಹೆಬ್ಬೆರಳು ಬರುತ್ತದೆ, ಅಷ್ಟೆ. ಕಾಗದಕ್ಕೆ ಹಾಗೆ ಹೆಬ್ಬೆರಳು ತೋರಿಸಿ ಮುಗಿಸಲಾಗದು ಎಂದು ಪೆನ್ನು ಹಿಡಿದೆ. ಕನ್ನಡದಲ್ಲಿ ಬರೆಯುವುದರಲ್ಲಿ ಇನ್ನೊಂದು ಅನುಕೂಲವೂ ಉಂಟು. ನಿಮ್ಮ ಅಕ್ಕನ ಮಗಳು ಯಕ್ಷಿತಾಗೆ ಕನ್ನಡ ಓದಲು ಬಾರದು. ಇದು ಅತ್ತಿಗೆಯ ಮನೆಯ ಟಿವಿ ಮೇಲೆ ಬಿದ್ದಿದ್ದರೂ ನನಗೆ ಚಿಂತೆಯಿಲ್ಲ.

ಜೀಪನ್ನು ಭಂಗಾರ್‌ಗೆ ಹಾಕಿದೆಯಾ ಎಂದು ನವರಾತ್ರಿಯ ಸಮಯದಲ್ಲಿ ಕೇಳಿದ್ದಿರಿ. ಅದು ಒಂದು ಸಾಲಿನಲ್ಲಿ ಮುಗಿಯುವ ಮಾತಲ್ಲ. ಈಗ ಹೇಳುತ್ತೇನೆ.

ಗುಜರಿಗೆ ಹಾಕುವುದಕ್ಕೇ ಹೊರಟಿದ್ದೆ. ಕರ್ಜತ್‌ನಲ್ಲಿ ಅದು ಮಗುಚಿದ ಮೇಲೆ ನಿಮ್ಮ ಗೆಳೆಯ ಸೃಜನ್ ಮತ್ತು ಗುಡ್ಡಕ್ಕೆ ಜೀಪು ಹತ್ತಿಸುವ ನಿಮ್ಮ ಗ್ರೂಪಿನವರು ಅದನ್ನು ಎಳೆದು ತಂದು ನಮ್ಮ ಬಿಲ್ಡಿಂಗಿನ ಮೂಲೆಯಲ್ಲಿ ನಿಲ್ಲಿಸಿ ಹೋಗಿದ್ದರಲ್ಲ, ಹೋದ ವರ್ಷದ ಮಳೆಗಾಲ ಪೂರ್ತಿ ನೀಲಿ ತಾಡಪಾಲಿನ ಕೆಳಗೇ ಇತ್ತು. ನೀವು ಆಸ್ಪತ್ರೆಯಿಂದ ನೇರ ವಿಕ್ರೋಳಿಗೆ, ಅತ್ತಿಗೆಯ ನೆಲಮಹಡಿಯ ಕ್ವಾರ್ಟರ್ಸಿಗೆ ಹೋದಿರಿ. ನಮ್ಮದು ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲ, ಕಾಲು ನೆಟ್ಟಗಾಗುವ ತನಕ ಅಲ್ಲೇ ಇರಲಿ ಎಂದು ಎಲ್ಲರೂ ಒಪ್ಪಿದ್ದು. ದಿನಾ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗ ಆ ನೀಲಿ ತಾಡಪಾಲು ಕಣ್ಣಿಗೆ ಬೀಳುತ್ತಿತ್ತು. ಸೊಸೈಟಿ ಸೆಕ್ರೆಟರಿ ತೆಗೆಸಿ ಎಂದಾಗ ನನಗೆ ಬೇಸರವಾಗಲಿಲ್ಲ. ಟೋಯಿಂಗ್ ಗಾಡಿ ಕರೆಸಿ ಕುರ್ಲಾಕ್ಕೆ, ನಿಮ್ಮ ಗುರಲಿಂಗಪ್ಪನ ಗ್ಯಾರೇಜಿಗೆ ಸಾಗಿಸಿದೆ. ಅವನೇ ಒಡೆದು ಮಾರಲಿ, ನನ್ನ ಕಣ್ಣೆದುರು ಬೇಡ ಎಂದು.

ನಮ್ಮ ಕನ್ನಡದ ಕಿವಿಗೆ ಭಂಗಾರ್ ಎಂದರೆ ಚಿನ್ನದ ಹಾಗೆ ಕೇಳಿಸುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನೀವು ನಗುತ್ತಿದ್ದಿರಿ. ಅವತ್ತು ಗ್ಯಾರೇಜಿನಲ್ಲಿ ನನಗೆ ನಗು ಬರಲಿಲ್ಲ. ಗುರಲಿಂಗಪ್ಪ ತಾಡಪಾಲು ಎಳೆದ. ಎಡಗಡೆ ಬಾಗಿಲು ಒಳಕ್ಕೆ ಹೋಗಿತ್ತು, ಗಾಜಿನ ಚೌಕಟ್ಟು ಮಡಚಿಕೊಂಡಿತ್ತು, ನಿಮ್ಮ ಎಡಗಾಲು ಸಿಕ್ಕಿಕೊಂಡ ಜಾಗದಲ್ಲಿ ತಗಡು ಹರಿದಿತ್ತು. ಮುಂದಿನ ಬಂಪರಿನ ಮೇಲಿನ ಆ ದೊಡ್ಡ ಲೈಟುಗಳಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ನೀವು ಎಲ್ಲಕ್ಕಿಂತ ಮೊದಲು ಹಾಕಿಸಿದ್ದು ಅವನ್ನೇ. ಆಮೇಲೆ ಗಾಡಿಯನ್ನು ಎತ್ತರಿಸಿದಿರಿ, ಆಮೇಲೆ ದೊಡ್ಡ ಟಯರು, ಮೇಲೆ ಕ್ಯಾರಿಯರ್, ಕ್ಯಾರಿಯರ್ ತುಂಬ ಸಾಮಾನು. ಸೀಟ್ ಬೆಲ್ಟು ಮುಂದಿನ ವರ್ಷ ಎಂದಿದ್ದಿರಿ.

ನನಗೆ ಬಂದದ್ದು ಸಿಟ್ಟು. ಅಳು ಬಂದಿದ್ದರೆ ಬಹುಶಃ ಮಾರಿ ಬರುತ್ತಿದ್ದೆ.

"ಅಕ್ಕಾರ, ಇದನ್ನ ಒಡೀಲೇನ್ರಿ, ಕಟ್ಟಲೇನ್ರಿ?" ಎಂದು ಗುರಲಿಂಗಪ್ಪ ಕೇಳಿದ. ಕಟ್ಟು ಎಂದೆ. ಯಾಕೆ ಹಾಗೆಂದೆನೆಂದು ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ತಪ್ಪಾಗಿ ಜೋಡಿಸಿದ ಒಂದು ವಸ್ತುವನ್ನು ಒಮ್ಮೆಯಾದರೂ ಸರಿಯಾಗಿ ಜೋಡಿಸಿ ನೋಡಬೇಕು ಅನ್ನಿಸಿತು.

ಕಟ್ಟು ಎಂದದ್ದೇ ತಡ, ಎಲ್ಲರೂ ಸಲಹೆ ಕೊಡುವವರೇ. ಗುರಲಿಂಗಪ್ಪನಿಗೆ ಬಂಪರಿನ ಹುಚ್ಚು, ಅದರ ಮೇಲೊಂದು ವಿಂಚು, ಉಕ್ಕಿನ ಹಗ್ಗ ಸುತ್ತುವ ಯಂತ್ರ, ಕೂರಿಸಿದರೆ ಎಂಥ ಕೆಸರಿನಿಂದಲೂ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ ಎಂದು ಅವನ ವಾದ. ಸೃಜನ್ ಮೊದಲು ಟಯರು, ಉಳಿದದ್ದು ಆಮೇಲೆ ಎಂದ. ಇಬ್ಬರೂ ನನ್ನೆದುರೇ ಅರ್ಧ ಹಿಂದಿಯಲ್ಲಿ ಜಗಳವಾಡಿದರು. ನಾನು ಅಪ್ಪನನ್ನು ನೆನೆಯುತ್ತ ಕೂತಿದ್ದೆ. ಸ್ಟೇಷನ್ ಹತ್ತಿರ ಹೊಟೇಲು ಹಾಕುವಾಗ ಎಲ್ಲರೂ ಬೋರ್ಡು, ಗಾಜಿನ ಶೋಕೇಸು ಎನ್ನುತ್ತಿದ್ದರೆ ಗಿರಾಕಿಗಳು ಮೋನಪ್ಪಣ್ಣ ಎಂದು ಕರೆಯುವ ಅಪ್ಪ ಮಾತ್ರ ಮೋರಿ ಅಗೆಸುತ್ತ ನಿಂತಿದ್ದರಂತೆ. ನೀರು ಬರುವ ದಾರಿ, ಕೊಳೆ ಹೋಗುವ ದಾರಿ, ಹೊಗೆ ಹೋಗುವ ದಾರಿ. ಇವು ಮೂರು ಸರಿಯಾಗುವ ತನಕ ಒಲೆಯನ್ನೇ ತರಲಿಲ್ಲ. ಬೋರ್ಡು ಬಂದದ್ದು ಹೊಟೇಲು ಶುರುವಾಗಿ ಎಷ್ಟೋ ತಿಂಗಳ ಮೇಲೆ.

ಹಾಗಾಗಿ ನಾನು ಹೇಳಿದೆ: ಮೊದಲು ಅಡಿಯ ಚೌಕಟ್ಟು, ಚಾಸಿ, ನೆಟ್ಟಗಿದೆಯೇ ನೋಡು, ಆಮೇಲೆ ಬ್ರೇಕು, ಸ್ಟೇರಿಂಗು. ನಿಲ್ಲಿಸಲು ಬಾರದ ಗಾಡಿಗೆ ಬೇರೆ ಏನು ಹಾಕಿದರೂ ನನಗೆ ಬೇಡ. ಅದು ಮುಗಿದ ಮೇಲೆ ಒಳಗೆ ಕೂತವರ ಸುತ್ತ ಕಬ್ಬಿಣದ ಪೈಪಿನ ಪಂಜರ, ಬೆಲ್ಟು. ಎಲ್ಲಕ್ಕಿಂತ ದಪ್ಪ ಪೈಪು ಹಾಕು ಎಂದೆ. ಗುರಲಿಂಗಪ್ಪ ತಲೆಯಾಡಿಸಿದ, ಮೇಲೆ ಭಾರ ಹೆಚ್ಚಾದರೆ ಮತ್ತೆ ಮಗುಚುತ್ತದೆ ಎಂದ. ಸರಿ, ಒಪ್ಪಿದೆ. ಆದರೆ ಅವನು ಬೆಲ್ಟಿನ ಬೋಲ್ಟನ್ನು ಬರೀ ತಗಡಿಗೆ ಬಿಗಿದಿದ್ದ. ನಾನು ಬೆಲ್ಟು ಹಿಡಿದು ಜೋರಾಗಿ ಎಳೆದದ್ದೇ ತಗಡು ಬಾಗಿತು. ಅವನು ಬಿಚ್ಚಿ ಚಾಸಿಗೇ ಬೆಸೆದ. ಹೀಗೆ ಅವನು ನನ್ನನ್ನು ತಿದ್ದುತ್ತ, ನಾನು ಅವನನ್ನು ತಿದ್ದುತ್ತ ಹೋದೆವು. ಗಾಡಿಯ ಎತ್ತರ ಇಳಿಸಿದೆವು, ಟಯರು ಒಂದು ಸೈಜು ಚಿಕ್ಕದು ಮಾಡಿದೆವು. ಸೃಜನ್ ಮುಖ ಸಿಂಡರಿಸಿದ. ಸಿಕ್ಕಿಬಿದ್ದರೆ ಬೇರೆಯವರು ಎಳೆಯಲು ಹಿಂದೆ ಮುಂದೆ ಗಟ್ಟಿ ಕೊಕ್ಕೆ ಹಾಕಿಸಿದೆ. ವಿಂಚು ಹಾಕಿಸಲಿಲ್ಲ. ಒಬ್ಬಳೇ ಕೆಸರಿಗೆ ಇಳಿಯುವ ಹೆಚ್ಚುಗಾರಿಕೆ ನನಗಿಲ್ಲ.

ಆ ಲೈಟುಗಳನ್ನು ಬಿಚ್ಚಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಎತ್ತರ ಇಳಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಮೊಣಕಾಲು ಮಡಚದವರಿಗೆ ಹತ್ತಲು ಸುಲಭವಾಗಬೇಕಲ್ಲ. ಅದನ್ನು ಗ್ಯಾರೇಜಿನಲ್ಲಿ ಹೇಳಿರಲಿಲ್ಲ. ಆದರೆ ಒಂದು ದಿನ ಕ್ಲಚ್ಚನ್ನು ಕೈಯಿಂದ ಒತ್ತುವ ಹಾಗೆ ಮಾಡಲು ಬರುತ್ತದೆಯೇ ಎಂದು ಕೇಳಿದೆ. ಗೇರಿನ ಕೋಲಿಗೇ ಒಂದು ಲಿವರ್, ಅದನ್ನು ಎಡಗೈಯಲ್ಲಿ ಅದುಮಿದರೆ ಒಂದು ಸಣ್ಣ ಮೋಟಾರು ಕ್ಲಚ್ಚನ್ನು ಎಳೆಯುತ್ತದೆ. ಎಡಗಾಲಿಗೆ ಕೆಲಸವೇ ಇಲ್ಲ. ಗುರಲಿಂಗಪ್ಪ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ.

"ಸಾಹೇಬ್ರು ಬರ್ತೀನಂತ ಹೇಳ್ಯಾರೇನ್ರಿ?"

ಇಲ್ಲ ಎಂದೆ.

"ಮತ್ತ ಯಾರಿಗ್ರಿ ಇದು?"

ಹಾಕು ಎಂದೆ. ಹಾಕಿದ. ಕಾಲಿನ ಪೆಡಲನ್ನು ಮಾತ್ರ ತೆಗೆಯಬೇಡ ಎಂದೆ. ಈಗ ಎರಡೂ ಉಂಟು. ನಾನು ಕಾಲಿನಿಂದ ಓಡಿಸುತ್ತೇನೆ. ಹೌದು ಪ್ರೀತಮ್, ನಾನು ಓಡಿಸುತ್ತೇನೆ. ಆರೆ ಕಾಲೊನಿಯ ರಸ್ತೆಯಲ್ಲಿ ಸೃಜನ್ ಪಕ್ಕದಲ್ಲಿ ಕೂತು ಕಲಿಸಿದ. ಮೊದಲ ವಾರ ಅವನು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದ. ಈಗ ಫೋನು ನೋಡುತ್ತ ಕೂರುತ್ತಾನೆ. ಅದಕ್ಕಿಂತ ಹೆಚ್ಚಿನ ಸರ್ಟಿಫಿಕೇಟು ನನಗೆ ಬೇಡ.

ಬರೆಯಬೇಕೆಂದುಕೊಂಡ ಮುಖ್ಯ ವಿಷಯಕ್ಕೆ ಈಗ ಬಂದೆ. ಹೋದ ಭಾನುವಾರ ನಿಮ್ಮ ಗ್ರೂಪಿನವರ ಜೊತೆ ಕರ್ಜತ್ ಆಚೆಗೆ ಹೋಗಿದ್ದೆ. ಅದೇ ಏರು. ನೋಡಲೇಬೇಕಿತ್ತು ನನಗೆ. ಇಷ್ಟು ದಿನ ಅದು ನನ್ನ ತಲೆಯಲ್ಲಿ ಬೆಟ್ಟದಷ್ಟು ದೊಡ್ಡದಾಗಿತ್ತು. ಎದುರು ನಿಂತು ನೋಡಿದರೆ ಒಂದು ಸಾಧಾರಣ ಕೆಂಪು ಮಣ್ಣಿನ ಗುಡ್ಡ, ಮೇಲೊಂದು ಮುತ್ತುಗದ ಮರ, ಎರಡು ಎಮ್ಮೆ. ಮಳೆ ನಿಂತಿದ್ದರೂ ನಡುವೆ ನೀರು ಜಿನುಗುತ್ತಿತ್ತು. ಸೃಜನ್ ಬೇಡ ಭಾಬಿ ಎಂದ. ನಾನು ಬೆಲ್ಟು ಬಿಗಿದುಕೊಂಡೆ.

ಅರ್ಧದ ತನಕ ಚೆನ್ನಾಗಿಯೇ ಹೋಯಿತು. ಆಮೇಲೆ ಹಿಂದಿನ ಚಕ್ರ ಜಾರಿ ಸುಮ್ಮನೆ ತಿರುಗತೊಡಗಿತು. ಎಂಜಿನ್ ನಿಂತಿತು. ಎದುರಿಗೆ ಬರೀ ಆಕಾಶ, ಕೆಳಗೆ ನಿಂತು ನೋಡುತ್ತಿರುವ ಅಷ್ಟೂ ಜನ. ಆ ಹೊತ್ತಿನಲ್ಲಿ ಗಾಡಿಯನ್ನು ಬದಿಗೆ ತಿರುಗಿಸಿಬಿಡಬೇಕು, ಮುಖ ಮುಂದಾಗಿಯೇ ಇಳಿದು ಬರಬೇಕು ಎಂದು ಕೈ ಎಳೆಯುತ್ತದೆ. ನಿಜವಾಗಿ ಎಳೆಯುತ್ತದೆ. ನನ್ನ ಕೈಯೂ ಎಳೆಯಿತು. ಏರಿನಲ್ಲಿ ಅಡ್ಡ ತಿರುಗಿಸಿದರೆ ಗಾಡಿ ಮಗುಚುತ್ತದೆ ಎಂದು ಕಲಿತದ್ದನ್ನು ನೆನೆದೆ. ಬ್ರೇಕು ಬಿಡದೆ ರಿವರ್ಸ್ ಗೇರು ಹಾಕಿ, ಎಂಜಿನ್ ಶುರು ಮಾಡಿ, ಸ್ಟೇರಿಂಗನ್ನು ಒಂದಿಷ್ಟೂ ಅಲುಗಿಸದೆ, ಬಂದ ದಾರಿಯಲ್ಲೇ ಹಿಂದಕ್ಕೆ ಇಳಿದೆ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಮೆಲ್ಲಗೆ ಇಳಿಸಿತು.

ಯಾರೂ ನಗಲಿಲ್ಲ. ಒಬ್ಬರು ನೀರು ಕೊಟ್ಟರು. ಮತ್ತೊಬ್ಬರು ತಮ್ಮ ಗಾಡಿ ಹತ್ತಿಸಲು ಹೋದರು. ನಾನು ಹತ್ತಲಿಲ್ಲ ಎನ್ನುವುದು ಅಲ್ಲಿ ಯಾರಿಗೂ ಒಂದು ವಿಷಯವೇ ಆಗಿರಲಿಲ್ಲ.

ಆಮೇಲೆ ವಡಾಪಾವ್ ತಿನ್ನುತ್ತ ಸೃಜನ್ ಒಂದು ಮಾತು ಹೇಳಿದ. ಇಷ್ಟು ದಿನ ನನಗೆ ಹೇಳಲು ಅವನಿಗೆ ಧೈರ್ಯ ಬಂದಿರಲಿಲ್ಲವಂತೆ. "ಅವತ್ತು ನಾವೆಲ್ಲ ರಿವರ್ಸ್ ಬನ್ನಿ, ರಿವರ್ಸ್ ಬನ್ನಿ ಅಂತ ಕೂಗ್ತಾ ಇದ್ದೆವು ಭಾಬಿ. ಅವರಿಗೆ ಕೇಳಿಸಿತ್ತು."

ನೀವು ನನಗೆ ಹೇಳಿದ್ದು ಮಣ್ಣು ಕುಸಿಯಿತು ಎಂದು. ಡಾಕ್ಟರಿಗೆ, ಅತ್ತಿಗೆಗೆ, ಕಂಪನಿಯವರಿಗೆ ಎಲ್ಲರಿಗೂ ಅದನ್ನೇ ಹೇಳಿದಿರಿ. ಇದನ್ನು ಎತ್ತಿ ಆಡಲು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಒಂದು ವಾರದ ಹಿಂದೆ ಕೇಳಿದ್ದರೆ ನನಗೆ ಕೋಪ ಬರುತ್ತಿತ್ತು. ಆದರೆ ಆ ಗುಡ್ಡದ ನಡುವೆ ನಾನೂ ಕೂತಿದ್ದೆ. ಜನರ ಎದುರು ಬೆನ್ನು ಮುಂದಾಗಿ ಇಳಿಯುವುದು ಎಷ್ಟು ಕಷ್ಟ ಎಂದು ನನ್ನ ಕೈಗೇ ಗೊತ್ತಾಗಿದೆ. ನೀವು ತಿರುಗಿಸಿದಿರಿ, ನಾನು ತಿರುಗಿಸಲಿಲ್ಲ, ಇಬ್ಬರ ನಡುವೆ ಇರುವ ಅಂತರ ಅಷ್ಟೆ. ನನಗೆ ಕಲಿಸುವವರಿದ್ದರು, ಬೆಲ್ಟಿತ್ತು. ನೀವು ಬಿದ್ದದ್ದು ನನಗೆ ಮೊದಲೇ ಗೊತ್ತಿತ್ತು ಕೂಡ.

ಜೂನ್ ತಿಂಗಳಲ್ಲಿ ನಾನು ವಿಕ್ರೋಳಿಗೆ ಬಂದಾಗ ನಾವು ಆಡಿದ ಮಾತು ನೆನಪಿದೆಯೇ? ಮನೆಗೆ ಬನ್ನಿ ಎಂದೆ. "ಮೂರು ಮಾಳಿಗೆ ನನ್ನನ್ನು ಎತ್ತಿಕೊಂಡು ಹೋಗ್ಲಿಕ್ಕುಂಟಾ, ಬಿಲ್ಡಿಂಗಿನವರೆಲ್ಲ ಬಾಗಿಲಲ್ಲಿ ನಿಂತು ನೋಡ್ಲಿಕ್ಕೆ?" ಎಂದಿರಿ. ನೆಲಮಹಡಿಯ ಬಾಡಿಗೆ ಮನೆ ನೋಡೋಣ ಎಂದರೆ, ನನಗಾಗಿ ಯಾರೂ ಏನೂ ಬದಲಿಸುವುದು ಬೇಡ ಎಂದಿರಿ. ನಾನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಲೋಕಲ್‌ನಲ್ಲಿ ಬರುವಾಗ ಉದ್ದಕ್ಕೂ ನಿಮ್ಮ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ, ಎಲ್ಲದರಲ್ಲೂ ನಾನೇ ಗೆದ್ದೆ. ಮನೆಗೆ ಬಂದು ಒಬ್ಬಳಿಗೆ ಅನ್ನ ಬಡಿಸಿಕೊಂಡೆ.

ಈಗ ಆ ವಿಷಯ ಎತ್ತುವುದಿಲ್ಲ. ನಾನು ಕೇಳುವುದು ಇಷ್ಟೇ. ಬರುವ ಭಾನುವಾರ ಬೆಳಿಗ್ಗೆ ಜೀಪು ತೆಗೆದುಕೊಂಡು ವಿಕ್ರೋಳಿಗೆ ಬರುತ್ತೇನೆ. ಗೇಟಿನ ಹತ್ತಿರ ನಿಲ್ಲಿಸುತ್ತೇನೆ, ಹಾರ್ನ್ ಹೊಡೆಯುವುದಿಲ್ಲ. ಹತ್ತಲು ಎರಡೂ ಬದಿಗೆ ಹಿಡಿ ಹಾಕಿಸಿದೆ. ಎಡಗಡೆ ಕೂತರೆ ನಾನು ಓಡಿಸುತ್ತೇನೆ. ಬಲಗಡೆ ಕೂತರೆ ಲಿವರ್ ಹೇಗೆ ಅದುಮುವುದೆಂದು ತೋರಿಸುತ್ತೇನೆ. ಆರೆಯ ಖಾಲಿ ರಸ್ತೆಯಲ್ಲಿ ಒಂದು ಸುತ್ತು. ಬೇಡ ಎನ್ನಿಸಿದರೆ ಕಿಟಕಿಯಿಂದ ಕೈ ಬೀಸಿದರೆ ಸಾಕು, ನಾನೊಬ್ಬಳೇ ಒಂದು ಸುತ್ತು ಹೊಡೆದು ಹೊಟೇಲಿಗೆ ಹೋಗುತ್ತೇನೆ. ಸುಳ್ಳು ಬರೆಯಲಾರೆ, ಈಗೀಗ ನನಗೆ ಈ ಗಾಡಿ ಇಷ್ಟವಾಗಿದೆ. ನೀವು ಬಾರದಿದ್ದರೂ ನಾನದನ್ನು ಮಾರುವುದಿಲ್ಲ.

ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಅತ್ತಿಗೆಗೆ, ಭಾವನಿಗೆ, ಯಕ್ಷಿತಾಗೆ ಕೇಳಿದೆನೆಂದು ಹೇಳಿ.

ಇಂತು ನಿಮ್ಮ ಹಾದಿ ಕಾಯುವ,
ಹರಿಣಿ

ಮತ್ತೊಂದು ಮಾತು: ಅತ್ತಿಗೆಯ ಮೇಲೆ ಸಿಟ್ಟಾಗಬೇಡಿ. ದೀಪಾವಳಿಗೆ ಉಂಡೆ ಕೊಡಲು ಹೊಟೇಲಿಗೆ ಬಂದವರು ಬಾಯಿ ತಪ್ಪಿ ಹೇಳಿಬಿಟ್ಟರು. ಚೌತಿ ಕಳೆದಾಗಿನಿಂದ ನೀವು ದಿನಾ ಬೆಳಿಗ್ಗೆ, ಬಿಲ್ಡಿಂಗಿನವರು ಏಳುವ ಮೊದಲು, ಕಂಬಿ ಹಿಡಿದು ಟೆರೇಸಿನ ತನಕ ಮೆಟ್ಟಿಲು ಹತ್ತಿ ಇಳಿಯುತ್ತೀರಂತೆ. ಮೊದಮೊದಲು ನಡುವೆ ಕೂತುಬಿಡುತ್ತಿದ್ದಿರಂತೆ, ಈಗ ಕೂರುವುದಿಲ್ಲವಂತೆ. ಹರಿಣಿಗೆ ಹೇಳಬಾರದು ಎಂದು ಅವರಿಂದ ಆಣೆ ಹಾಕಿಸಿಕೊಂಡಿದ್ದೀರಂತೆ. ನಾನು ಕೇಳಿಲ್ಲ ಎಂದೇ ಇಟ್ಟುಕೊಳ್ಳಿ. ಭಾನುವಾರ ಸುತ್ತು ಮುಗಿಸಿ ಹೇಗೂ ನಮ್ಮ ಬಿಲ್ಡಿಂಗಿನ ಮುಂದೆಯೇ ಬರಬೇಕು. ನಾನು ಮೊದಲು ಮೇಲೆ ಹೋಗಿ ಬಾಗಿಲು ತೆರೆದು ಚಹಾಕ್ಕೆ ನೀರಿಡುತ್ತೇನೆ. ಹಿಂದೆ ತಿರುಗಿ ನೋಡುವುದಿಲ್ಲ. ನೀವು ನಿಧಾನ ಬನ್ನಿ.