ತಲೆಕೆಳಗಾದ ಸರಪಳಿ

ಮಾರ್ಚ್ ೧೨, ಗುರುವಾರ

ಪ್ರೀತಿಯ ಕುಳ್ಳ,

ಹೇಗಿದ್ದೀಯ? ಮಂಡಿ ನೋವು ಸ್ವಲ್ಪವಾದರೂ ಇಳಿಯಿತೇ? ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ, ನಿನ್ನ ಬೈಗುಳ ನನಗೇನು ಹೊಸದಲ್ಲ. ಕೆಲಸ ಹೆಚ್ಚಿತ್ತು ಎಂದರೆ ಅರ್ಧ ನಿಜ.

ಇಲ್ಲೊಂದು ವಾಚನಾಲಯಕ್ಕೆ ಇಟ್ಟಿಗೆಯ ಕಮಾನು ಚಾವಣಿ ಕಟ್ಟುತ್ತಿದ್ದೇವೆ. ನಲವತ್ತಡಿ ಅಗಲ, ದಪ್ಪ ಬರೀ ನಾಲ್ಕು ಬೆರಳು. ಕಂಬಿಯಿಲ್ಲ, ತೊಲೆಯಿಲ್ಲ, ನಡುವೆ ಒಂದು ಕಂಬವೂ ಇಲ್ಲ ಮಾರಾಯ! ಪ್ಲಾನು ನೋಡಿದವನೇ, "ಇದು ನಿಂತ್ರೆ ನನ್ನ ಮೀಸೆ ಬೋಳಿಸ್ತೀನಿ" ಅಂದುಬಿಟ್ಟೆ. ಪ್ಲಾನು ಮಾಡಿದ ಇಂಜಿನಿಯರಮ್ಮನಿಗೆ ನನ್ನ ಕಿರಿಮಗಳ ವಯಸ್ಸು. "ಕತ್ತಿ ನಾನೇ ತರ್ತೀನಿ ಬಿಡಿ ಮೇಸ್ತ್ರಿ" ಅಂದಳು.

ಹೇಗೆ ನಿಲ್ಲುತ್ತದೆ ಎಂದು ತಲೆ ಕೆರೆದುಕೊಂಡು ಅವಳ ಬೆನ್ನು ಬಿದ್ದೆ. ಅವಳು ಬೀಗದ ಕೈ ಗೊಂಚಲಿನ ಸರಪಳಿ ಬಿಚ್ಚಿ ಎರಡೂ ತುದಿ ಹಿಡಿದು ಜೋತು ಬಿಟ್ಟಳು. "ಇದೇ ಆಕಾರಾನ ತಲೆಕೆಳಗೆ ಮಾಡಿ. ಜೋತುಬಿದ್ದಾಗ ಬರೀ ಎಳೆತ, ತಿರುಗಿಸಿದ್ರೆ ಬರೀ ಒತ್ತಡ. ಇಟ್ಟಿಗೆಗೆ ಎಳೆತ ಆಗಲ್ಲ, ಒತ್ತಡ ಎಷ್ಟು ಬೇಕಾದ್ರೂ ತಡ್ಕೊಳ್ಳುತ್ತೆ." ಕಂಪ್ಯೂಟರು ಇಂಥ ನೂರಾರು ಸರಪಳಿಗಳನ್ನು ಬಲೆಯಂತೆ ಜೋತುಹಾಕಿ, ತಿರುಗಿಸಿ ಚಾವಣಿ ಮಾಡುತ್ತದಂತೆ. ನಲವತ್ತು ವರ್ಷ ಕಮಾನು ಕಟ್ಟಿದವನಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ, ನೋಡು.

ಶೆಡ್ಡಿನಲ್ಲಿ ಯಂತ್ರದ ತೋಳೊಂದು ಒಂದೊಂದು ಇಟ್ಟಿಗೆಯನ್ನೂ ಬೇರೆ ಬೇರೆ ಓರೆಗೆ ಕೊಯ್ದು ನಂಬರು ಬರೆಯುತ್ತದೆ. ಎರಡು ದಿನ ಅದರ ಮುಂದೆಯೇ ಬಾಯಿ ಬಿಟ್ಟುಕೊಂಡು ಕೂತಿದ್ದೆ. ನನ್ನ ಚಟ ಗೊತ್ತಲ್ಲ, ೩೧೪ರ ಜಾಗಕ್ಕೆ ೩೧೫ ತುರುಕಿ ನೋಡಿದೆ. ಜಪ್ಪಯ್ಯ ಅಂದರೂ ಕೂರಲಿಲ್ಲ.

ಆದರೆ ಇಟ್ಟಿಗೆ ನೀರು ಕುಡಿಯುತ್ತದೆ ಎಂದು ಆ ಯಂತ್ರಕ್ಕೇನು ಗೊತ್ತು? ನೆನೆಸದೆ ಇಟ್ಟರೆ ಗಾರೆ ಪುಡಿಯಾಗುತ್ತದೆ ಎಂದು ನೀನು ಹೇಳಿಕೊಟ್ಟದ್ದನ್ನೇ ಹೇಳಿದೆ. ಈಗ ಇಲ್ಲಿ ಎಲ್ಲರೂ ನಿನ್ನ ಹದದಲ್ಲೇ ಗಾರೆ ಕಲಸುತ್ತಾರೆ. "ಅವ್ರನ್ಯಾಕೆ ಕರ್ಕೊಂಡು ಬಂದಿಲ್ಲ?" ಎಂದು ಇಂಜಿನಿಯರಮ್ಮ ಕೇಳಿದಳು. ಕೇಳಿಸದವನಂತೆ ಗಾರೆ ಕಲಸುತ್ತ ಹೋದೆ.

ಕೊನೆಗೆ ಹೇಳಿದೆ. ಹತ್ತೊಂಬತ್ತು ವರ್ಷದ ಹಿಂದೆ ನಾವು ಕಟ್ಟಿದ ಉಗ್ರಾಣದ ಕಮಾನು, ಅಡಿಗೆ ಕೊಟ್ಟ ಸೆಂಟ್ರಿಂಗ್ ಆಸರೆ ಬಿಚ್ಚುವಾಗ ಕುಸಿದದ್ದು, ಅಡಿಯಲ್ಲಿ ನಿಂತಿದ್ದ ನಿನ್ನ ಮಂಡಿ ಮುರಿದದ್ದು, ಊರೆಲ್ಲ ನಿನ್ನ ಗಾರೆಯನ್ನೇ ದೂರಿದ್ದು, ಅಂದಿನಿಂದ ನೀನು ಕರಣೆ ಮುಟ್ಟದೇ ಉಳಿದದ್ದು. "ಅಳತೆ ನೆನಪಿದ್ಯಾ?" ಅಂದಳು. ನೆನಪಿಲ್ಲದೆ ಏನು? ಕೊಟ್ಟೆ. ಅವಳು ಕಂಪ್ಯೂಟರಿಗೆ ಹಾಕಿದಳು.

ಇದೇ ಇಪ್ಪತ್ತೆಂಟಕ್ಕೆ ಸೆಂಟ್ರಿಂಗ್ ಬಿಚ್ಚುತ್ತೇವೆ. ದಯವಿಟ್ಟು ಬಾ. ಬಸ್ಸಿಳಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಅತ್ತಿಗೆಗೆ ನಮಸ್ಕಾರ ತಿಳಿಸು. ಮೊಮ್ಮಗಳು ನೂರು ಕಾಲ ಸುಖವಾಗಿರಲಿ, ನಿನ್ನಷ್ಟು ಕುಳ್ಳಿಯಾಗದಿರಲಿ.

ನಿನ್ನ,
ಲಂಬು

ಕಂಪ್ಯೂಟರು ಹೇಳಿದ್ದನ್ನು ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಉಗ್ರಾಣದ ಕಮಾನಿನ ಎತ್ತರ ಒಂದೂವರೆ ಅಡಿ ಕಡಿಮೆಯಾಗಿತ್ತು. ಗಾರೆ ಎಷ್ಟೇ ಚೆನ್ನಾಗಿದ್ದರೂ ಅದು ಬಿದ್ದೇ ಬೀಳುತ್ತಿತ್ತು. ಮೇಲೊಂದು ಅಟ್ಟ ಬೇಕೆಂದು ಮಾಲೀಕರು ಹಟ ಹಿಡಿದಾಗ, ನಿನಗೆ ಹೇಳದೆ ಕಮಾನಿನ ಅಚ್ಚನ್ನು ತಗ್ಗಿಸಿದವನು ನಾನು. ಕಟ್ಟಿದವರು ಅಡಿಯಲ್ಲಿ ನಿಲ್ಲಬೇಕೆಂಬುದು ನಮ್ಮ ಪದ್ಧತಿ. ಅಂದು ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆನಲ್ಲ, ನನಗೆ ಬಾಯಾರಿರಲಿಲ್ಲ ಕುಳ್ಳ. ಹೆದರಿಕೆಯಾಗಿತ್ತು. ನಿನ್ನನ್ನು ಕೂಗಿ ಹೊರಗೆ ಕರೆಯಲಿಲ್ಲ. ಆಮೇಲೆ "ಗಾರೆ ಸರಿಯಿಲ್ಲ" ಎಂದು ಮೊದಲು ಹೇಳಿದವನೂ ನಾನೇ. ನಿನ್ನೆ ಇಲ್ಲಿ ಎಲ್ಲರ ಮುಂದೆ ಇದನ್ನು ಒಪ್ಪಿಕೊಂಡೆ.

ಇಪ್ಪತ್ತೆಂಟಕ್ಕೆ ಅಡಿಯಲ್ಲಿ ನಾನೊಬ್ಬನೇ ನಿಲ್ಲುತ್ತೇನೆ. ಈ ಸಲ ನೀನು ಹೊರಗೆ ನಿಂತು ನೀರು ಕುಡಿ.