ಗೊತ್ತಿರುವ ರೋಗ

9 ಜೂನ್ 1998, ಮಂಗಳವಾರ

ಬೆಳಿಗ್ಗೆಯಿಂದ ಎಂಜಿನ್ನಿನ ಹೆಡ್ ಬಿಚ್ಚುವುದೇ ಆಯಿತು. ಎರಡು ನಟ್ಟು ತುಕ್ಕು ಹಿಡಿದು ಕೂತಿದ್ದವು. ಸೀಮೆಎಣ್ಣೆ ಕುಡಿಸಿ, ಬೈದು, ಬಡಿದು ಬಿಚ್ಚಿದೆ. ಪಾಲಾಕ್ಷಪ್ಪನವರ ಲಾಂಚಿನ ಎಂಜಿನ್ — ಹದಿನೆಂಟು ವರ್ಷ ಹಿನ್ನೀರಿನಲ್ಲಿ ಜನ ದಾಟಿಸಿದ್ದು. ನೀರು ಇಳಿದು ಲಾಂಚ್ ಕೆಸರಲ್ಲಿ ಕೂತಿದೆ, ಎಂಜಿನ್ ಟ್ರ್ಯಾಕ್ಟರ್ ಹತ್ತಿ ನನ್ನ ಗ್ಯಾರೇಜಿಗೆ ಬಂದಿದೆ. ಹೊಸದು ಹಾಕಿಸಿ ಎಂದು ಅವರಿಗೆ ಹೇಳಿದೆ.

"ಹಡಗಲಿ, ಹಗರಿಬೊಮ್ಮನಹಳ್ಳಿ ಎರಡೂ ತಾಲೂಕಿನ್ಯಾಗ ನಿನ್ನಂಥ ಕೈ ಇರೂತನಕ ಹೊಸದ್ಯಾಕಲೇ ಗವಿಸಿದ್ದೇಶ?"

ಉಬ್ಬಿ ಹೋದೆ. ಜುಲೈ ಮೂರನೇ ವಾರಕ್ಕೆ ದಂಡೆಗೆ ನೀರು ಬರುತ್ತದೆ. ಅಷ್ಟರೊಳಗೆ ಕೊಡಬೇಕು.

ಹೆಂಡತಿ ಸುಕನ್ಯಾ ಬುತ್ತಿ ತಂದಳು. ಮನೆಯಿಂದ ಇಲ್ಲಿಗೆ ಇನ್ನೂರು ಹೆಜ್ಜೆ, ಬರುವಷ್ಟರಲ್ಲಿ ಏದುಸಿರು. ಯಾಕೆ ಹೀಗೆ ಎಂದರೆ, "ನಿಮ್ಮ ರೊಟ್ಟಿ ಭಾರ ಆಗ್ಯಾವು" ಎಂದು ನಕ್ಕಳು. ಶುಕ್ರವಾರ ಡಾಕ್ಟರಿಗೆ ತೋರಿಸಬೇಕು.

12 ಜೂನ್, ಶುಕ್ರವಾರ

ಡಾಕ್ಟರು ಬಹಳ ಹೊತ್ತು ನೋಡಿದರು. "ಹಾರ್ಟಿಂದು. ವಾಲ್ವ್ ಲೀಕ್ ಐತಿ ಅನಸ್ತೈತಿ. ದಾವಣಗೆರಿಗೆ ಕರ್ಕೊಂಡು ಹೋಗಿ ಎಕೋ ಸ್ಕ್ಯಾನ್ ಮಾಡಸ್ರಿ. ತಡ ಮಾಡಬ್ಯಾಡ್ರಿ." ಗುಳಿಗೆ ಬರೆದರು. ತರಲು ಹೊರಗೆ ಹೋದೆ.

ನಿಜ ಬರೆಯುತ್ತೇನೆ. ಹಾರ್ಟ್ ಎಂದಾಗ ಹೆದರಿಹೋಗಿದ್ದೆ. ವಾಲ್ವ್ ಎಂದರು ನೋಡು — ಜೀವ ತಣ್ಣಗಾಯಿತು. ಅಯ್ಯೋ, ಇಷ್ಟೇನಾ! ಹದಿನೈದು ವರ್ಷದಿಂದ ವಾಲ್ವ್ ಉಜ್ಜಿಯೇ ಹೊಟ್ಟೆ ಹೊರೆದಿದ್ದೇನೆ. ದಾರಿಯುದ್ದಕ್ಕೂ ಅವಳಿಗೆ ತಿಳಿಸಿ ಹೇಳಿದೆ: ಬಂಗಾರಪ್ಪನ ಪಂಪ್‌ಸೆಟ್ಟು ವಾಲ್ವ್ ಲೀಕ್ ಇಟ್ಟುಕೊಂಡೇ ಮೂರು ವರ್ಷ ನೀರೆತ್ತಿತು. ಲೋಡ್ ಕಡಿಮೆ ಮಾಡಿದರೆ ಸಾಕು. ಕೊಡ ಎತ್ತಬೇಡ, ಬುತ್ತಿ ತರಬೇಡ.

"ಹಂಗಂತೀರೇನು?"

"ಹಂಗ ಐತಿ. ಲಾಂಚ್ ನೀರಿಗಿ ಬಿಟ್ಟ ಮರುದಿನಾನ ದಾವಣಗೆರಿ."

"ಆತು ಬಿಡ್ರಿ" ಎಂದಳು.

21 ಜೂನ್, ಭಾನುವಾರ

ಚಿಗಟೇರಿಯಿಂದ ಅವಳ ತಮ್ಮ ಕೊಟ್ರಸ್ವಾಮಿ ಬಂದಿದ್ದ. "ಮಾಮಾ, ಅಕ್ಕನ್ನ ನಾನ ಕರ್ಕೊಂಡು ಹೊಕ್ಕೀನಿ. ನೀವು ಕೆಲ್ಸ ಮುಗಿಸ್ರಿ." ಸಿಟ್ಟು ನೆತ್ತಿಗೇರಿತು. ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯಲು ನಾನು ಸತ್ತಿದ್ದೇನೆಯೇ?

"ವಾಲ್ವಿನ ವಿಷ್ಯ ನಿನಗೇನು ಗೊತ್ತಲೇ?" ಎಂದುಬಿಟ್ಟೆ. ಅವನು ಅಕ್ಕನ ಮುಖ ನೋಡಿದ. ಅವಳು ಚಹಾ ಇಡಲು ಎದ್ದಳು. ಉಣ್ಣದೆ ಹೋದ.

3 ಜುಲೈ, ಶುಕ್ರವಾರ

ಲೇತ್ ಅಂಗಡಿಯ ಜಮಾಲುದ್ದೀನ ಚಾಚಾ ವಾಲ್ವ್ ಕೂರುವ ಸೀಟು ಕೊರೆದುಕೊಟ್ಟರು. ಇನ್ನು ಉಜ್ಜುವುದು ನನ್ನದು. ಪೇಸ್ಟ್ ಹಚ್ಚಿ, ಕೋಲನ್ನು ಅಂಗೈಗಳ ನಡುವೆ ಹಿಡಿದು, ಮಜ್ಜಿಗೆ ಕಡೆದ ಹಾಗೆ. ಒಂದೊಂದಕ್ಕೆ ಎರಡು ತಾಸು. ಆಮೇಲೆ ಲೀಕ್ ನೋಡಲು ಸೀಮೆಎಣ್ಣೆ ಸುರಿದು ಕಾದೆ — ಒಂದು ಹನಿ ಇಳಿಯಲಿಲ್ಲ!

ಬೇಡವೆಂದರೂ ಸುಕನ್ಯಾ ಬಂದು ಕೂತಿದ್ದಳು. "ಹಿಂಗ ಉಜ್ಜಿದ್ರ ನಂದೂ ನೆಟ್ಟಗಾಗ್ತೈತೇನ್ರಿ?"

"ನಿಂದು ಇಷ್ಟು ಹೊಲಸಾಗಿಲ್ಲ ಬಿಡು."

ಇಬ್ಬರೂ ನಕ್ಕೆವು. ಬರಿಗಾಲಲ್ಲಿ ಬಂದಿದ್ದಳು. ಕಾಲು ಬಾತು ಚಪ್ಪಲಿ ಹಿಡಿಸುತ್ತಿಲ್ಲವಂತೆ. ಉಪ್ಪು ಕಡಿಮೆ ಮಾಡು ಎಂದೆ.

17 ಜುಲೈ, ಶುಕ್ರವಾರ, ಸಂಜೆ 5

ಎಂಜಿನ್ ಲಾಂಚಿನ ಹೊಟ್ಟೆಯಲ್ಲಿ ಕೂತಿತು. ನೀರು ತಳ್ಳುವ ಫ್ಯಾನಿನ ಶಾಫ್ಟು ಕೂದಲೆಳೆಯಷ್ಟು ಸೊಟ್ಟ ಇತ್ತು. "ಸಾಕು ಬಿಡಪಾ, ನಡೀತೈತಿ" ಎಂದರು ಪಾಲಾಕ್ಷಪ್ಪನವರು. ನನಗೆ ಸಾಕಾಗಲಿಲ್ಲ. ಬಿಚ್ಚಿ ಮತ್ತೆ ಕೂರಿಸಿದೆ. ಎರಡು ದಿನ ಹೆಚ್ಚಿಗೆ ಹೋಯಿತು, ಹೋಗಲಿ.

ಸುಕನ್ಯಾಗೆ ಮಲಗಲು ಆಗುತ್ತಿಲ್ಲ. ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಾಳೆ. ಸೋಮವಾರ ಲಾಂಚ್ ನೀರಿಗೆ. ಮಂಗಳವಾರ ದಾವಣಗೆರೆ. ಬ್ಯಾಗ್ ತುಂಬಿಟ್ಟಿದ್ದಾಳೆ, ನನ್ನ ಇಸ್ತ್ರಿ ಅಂಗಿ ಮೇಲಿದೆ.

9 ಆಗಸ್ಟ್, ಭಾನುವಾರ

ಇನ್ನು ಬರೆಯಬಾರದು ಎಂದಿದ್ದೆ.

ಆ ಸೋಮವಾರ ಎಂಜಿನ್ ಒಂದೇ ಹ್ಯಾಂಡಲಿಗೆ ಎದ್ದಿತು. ದಂಡೆಯ ಜನ ಕೇಕೆ ಹಾಕಿದರು. ಆಚೆ ದಡ ಮುಟ್ಟಿಸಿ ತಿರುಗಿ ಬರುವಾಗ ಚಾಚಾ ಈ ದಂಡೆಯಲ್ಲಿ ಒಬ್ಬರೇ ನಿಂತಿದ್ದರು. "ಬೇಟಾ, ಮನಿಗಿ ನಡಿ." ಅಷ್ಟೇ ಅಂದದ್ದು.

ಅಡುಗೆಮನೆ ಹೊಸ್ತಿಲಲ್ಲಿ ಬಿದ್ದಿದ್ದಳಂತೆ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ನನ್ನನ್ನು ನೋಡಿ, "ದಾವಣಗೆರಿಯಾಗ ಏನಂದಿದ್ರು?" ಎಂದು ಕೇಳಿದರು. ಕೊಟ್ರಸ್ವಾಮಿ ಬಂದವನೇ ಅಕ್ಕನ ಕಾಲ ಬಳಿ ಕೂತ. ಬೈದಿದ್ದರೆ, ನಾಲ್ಕು ಬಡಿದಿದ್ದರೆ, ಚೆನ್ನಾಗಿತ್ತು.

ನಿಂತ ಎಂಜಿನ್ನಿಗೆ ಮತ್ತೆ ಹ್ಯಾಂಡಲ್ ಹೊಡೆಯಬಹುದು. ಅವಳಿಗೆ? ಇಷ್ಟು ಸಣ್ಣ ಮಾತು ಹೊಳೆಯಲಿಲ್ಲವಲ್ಲ ನನಗೆ. ಡಾಕ್ಟರು ಹೇಳಿದ ಮೇಲೆ ಮೂವತ್ತೆಂಟು ದಿನ ಇತ್ತು. ನಾನೇ ಕೊಂದೆ. ಎಲ್ಲಾದರೂ ಒಂದು ಕಡೆ ಬರೆದಿಡಬೇಕಿತ್ತು, ಬರೆದೆ.

16 ಆಗಸ್ಟ್, ಭಾನುವಾರ

ಚಾಚಾನ ಹೆಂಡತಿ ಮುಮ್ತಾಜ್ ಬೇಗಂ ಊಟ ತಂದಿದ್ದರು. ತಟ್ಟೆ ಇಟ್ಟವರು ಹೋಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೇಟಾ, ಹೇಳದಿದ್ರ ನನಗ ನಿದ್ದಿ ಹತ್ತಂಗಿಲ್ಲ. ಸುಕನ್ಯಾಗ ಎಲ್ಲಾ ಗೊತ್ತಿತ್ತು. ನೀ ಗುಳಗಿ ತರಾಕ ಹೋದಾಗ ಡಾಕ್ಟರು ಅಕಿಗಿ ಬಿಡಿಸಿ ಹೇಳ್ಯಾರ — ಜೀವಕ್ಕ ಅಪಾಯ ಐತಿ, ಜಲ್ದಿ ಹೋಗ್ರಿ ಅಂತ. ಗಂಡಗ ಹೇಳವ್ವಾ ಅಂದೆ. 'ಬ್ಯಾಡ ಚಾಚಿ, ಗೊತ್ತಿರೋ ರೋಗ ಅಂತ ಅವ್ರಿಗಿ ಧೈರ್ಯ ಬಂದೈತಿ. ಅದನ್ನ ನಾ ಹೆಂಗ ಕಸ್ಕೊಳ್ಳಿ. ಇನ್ನೊಂದಿಷ್ಟು ದಿನ ತಡೀತೀನಿ' ಅಂದ್ಲು."

ನನ್ನ ಧೈರ್ಯ ಕಾಯಲು ಉಸಿರು ಬಿಗಿಹಿಡಿದು ಕೂತಿದ್ದಳು. ನಾನು ಶಾಫ್ಟಿನ ಕೂದಲೆಳೆ ಸರಿ ಮಾಡುತ್ತಿದ್ದೆ.

ಯಾವ ಎಂಜಿನ್ ಬಂದರೂ ಮೊದಲು ಸ್ಕ್ರೂಡ್ರೈವರಿನ ತುದಿ ಅದರ ಮೈಗೆ ಒತ್ತಿ, ಹಿಡಿಗೆ ಕಿವಿ ಹಚ್ಚುತ್ತೇನೆ. ಒಳಗೆ ಏನು ಕೆಟ್ಟಿದೆ ಅಂತ ಅದೇ ಹೇಳುತ್ತದೆ. ಏಳು ವರ್ಷ ಪಕ್ಕದಲ್ಲಿ ಮಲಗಿದ್ದಳು. ಒಂದು ದಿನ, ಒಂದೇ ಒಂದು ದಿನ, ಅವಳ ಎದೆಗೆ ನಾನು ಕಿವಿ —